ಗೋಡೆಯಾಚೆ ಹೂಳಿದ ತಮ್ಮ

ಶಹಾಬಾದಿನಲ್ಲಿ ನಾವಿದ್ದ ಮನೆಗೆ ಎರಡೇ ಬಾಗಿಲು. ಒಂದು ಹಿತ್ತಲಿಗೆ ತೆರೆಯುತ್ತಿತ್ತು, ಇನ್ನೊಂದು ಗುಡಿಯೊಳಕ್ಕೆ. ಬೀದಿಗೆ ಅಂತ ಬಾಗಿಲೇ ಇರಲಿಲ್ಲ. ಗುಡಿ ಎಂದರೆ ಗೋಪುರ, ಗಂಟೆ ಇದ್ದ ದೊಡ್ಡ ಇಗರ್ಜಿಯಲ್ಲ. ಕಲ್ಲಿನ ಖಣಿಗಳಿಗೆ ಕೂಲಿಗೆ ಬಂದು ನೆಲೆ ನಿಂತ ಇಪ್ಪತ್ತು ಮನೆಯ ಕಥೋಲಿಕರು ಸೇರಿ ಕಟ್ಟಿಕೊಂಡ ಉದ್ದನೆಯ ಒಂದು ಕೋಣೆ. ಅದರ ಬೆನ್ನಿಗೆ ಅಂಟಿಕೊಂಡ ಎರಡು ಕೋಣೆಗಳು ಉಪದೇಶಿಯ ಮನೆ. ಉಪದೇಶಿ ನನ್ನ ಅಪ್ಪ, ಅಂತೋಣೆಪ್ಪ. ಪಾದ್ರಿಗಳು ದೂರದ ಊರಿನಿಂದ ರೈಲಿನಲ್ಲಿ ವಾಡಿಗೆ ಬಂದು, ಅಲ್ಲಿಂದ ನಮ್ಮಲ್ಲಿಗೆ ತಿಂಗಳಿಗೊಮ್ಮೆ ಬರುತ್ತಿದ್ದರು, ಮಳೆಗಾಲದಲ್ಲಿ ಅದೂ ಇಲ್ಲ. ಉಳಿದ ದಿನಗಳಲ್ಲಿ ಜಪ ಹೇಳಿಸುವುದು, ಮಕ್ಕಳಿಗೆ ಧರ್ಮೋಪದೇಶ ಕಲಿಸುವುದು, ಭಾನುವಾರ ಶುಭಸಂದೇಶ ಓದಿ ಅರ್ಥ ಹೇಳುವುದು, ಸತ್ತವರನ್ನು ಮಣ್ಣು ಮಾಡಿಸುವುದು ಎಲ್ಲ ಅಪ್ಪನದೇ. ವಾರದ ಆರು ದಿನ ಅವನು ಖಣಿಯಲ್ಲಿ ಕೂತು ನೆಲಕ್ಕೆ ಹಾಸುವ ಫರಸಿ ಕಲ್ಲಿನ ಅಂಚು ಹೊಡೆಯುತ್ತಿದ್ದ, ಕೂಲಿಗಳ ಮೇಲಿನ ಮುಕಾದಮನ ಬೈಗುಳಕ್ಕೆ ತಲೆ ತಗ್ಗಿಸುತ್ತಿದ್ದ. ಏಳನೆಯ ದಿನ ಅವನ ಮುಂದೆ ಇಪ್ಪತ್ತು ಮನೆಯವರು ತಲೆ ತಗ್ಗಿಸುತ್ತಿದ್ದರು. ಈ ಏಳನೆಯ ದಿನಕ್ಕಾಗಿಯೇ ಅವನು ಬದುಕಿದ್ದ ಎಂದು ಈಗ ಅನಿಸುತ್ತದೆ.

ಮನೆಯಲ್ಲಿ ನೆಲ, ಗೋಡೆ, ಮಾಳಿಗೆ ಎಲ್ಲವೂ ಕಲ್ಲು. ಪಾತ್ರೆ ಇಡುವ ಹಲಗೆಯೂ ಕಲ್ಲಿನದೇ. ಬೇಸಿಗೆಯಲ್ಲಿ ಆ ಕಲ್ಲು ಹಗಲೆಲ್ಲ ಕಾದು, ಸಂಜೆ ಜಪದ ಹೊತ್ತಿಗೆ ಮೊಣಕಾಲಿಗೆ ಬಿಸಿ ಕಾರುತ್ತಿತ್ತು. ಜಪಸರದ ಐದು ಸುತ್ತು ಮುಗಿಯುವವರೆಗೆ ಯಾರೂ ಹಿಮ್ಮಡಿಯ ಮೇಲೆ ಕೂಡುವಂತಿಲ್ಲ. ಆಮೇಲೆ ಊಟ. ಊಟದಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ, ಅದರ ಜೊತೆಗೆ ಅಪ್ಪನ ಪ್ರಶ್ನೆಗಳು. ಕಳೆದ ಭಾನುವಾರ ಓದಿದ್ದೇನು, ಕುರುಡನ ಕಣ್ಣಿಗೆ ಸ್ವಾಮಿ ಏನು ಹಚ್ಚಿದರು, ಹತ್ತು ಮಂದಿ ಕುಷ್ಠರೋಗಿಗಳಲ್ಲಿ ಎಷ್ಟು ಮಂದಿ ತಿರುಗಿ ಬಂದರು. ಉತ್ತರ ತಪ್ಪಿದರೆ ಎರಡನೆಯ ರೊಟ್ಟಿ ಇಲ್ಲ. ನಾನು ಚುರುಕಾಗಿದ್ದೆ, ನನಗೆ ಸದಾ ಎರಡನೆಯ ರೊಟ್ಟಿ ಸಿಗುತ್ತಿತ್ತು. ಅವ್ವನಿಗೆ ಓದು ಬರುತ್ತಿರಲಿಲ್ಲ. ಅವಳನ್ನೂ ಅವನು ಕೇಳುತ್ತಿದ್ದ. ಅವಳು ಸೆರಗು ಬಾಯಿಗಿಟ್ಟುಕೊಂಡು, "ನಂಗ ಮರತದ್ರಿ" ಎನ್ನುತ್ತಿದ್ದಳು. ಅಷ್ಟು ಹೇಳಿ, ರೊಟ್ಟಿ ಬಡಿದವಳೇ ಒಂದು ರೊಟ್ಟಿಗೆ ಎದ್ದುಬಿಡುತ್ತಿದ್ದಳು.

ಅಪ್ಪ ಶುಭಸಂದೇಶವನ್ನು ಮನೆಯೊಳಗೆ ಬಳಸಿದ್ದು ಹೀಗೆ. ದೀಪಕ್ಕೆ ಎಣ್ಣೆ ತರುವುದು ಅವ್ವ ಮರೆತರೆ, ಅವಳು ದೀಪದೆಣ್ಣೆ ಮುಗಿದು ಮದುವೆಯ ಮನೆಯ ಹೊರಗುಳಿದ ಬುದ್ಧಿಗೇಡಿ ಕನ್ಯೆಯರಲ್ಲಿ ಒಬ್ಬಳು. ಜಪದ ಹೊತ್ತಿಗೆ ಅವಳು ಒಲೆ ಬಿಟ್ಟು ಏಳದಿದ್ದರೆ, ಒಲೆಯ ಕೆಲಸಕ್ಕೇ ಅಂಟಿಕೊಂಡು ಸ್ವಾಮಿಯ ಮಾತು ಕೇಳದೆ ಹೋದ ಮಾರ್ತಳ ನೆನಪು. ಅದೇ ಅವ್ವ ಭಾನುವಾರ ಮಾತು ಕೇಳುತ್ತ ಕೂತು ಪಲ್ಯ ಸೀದರೆ, ಆಗ ಮಾರ್ತಳನ್ನು ನೋಡಿ ಕಲಿ ಎನ್ನುತ್ತಿದ್ದ. ನಮ್ಮ ಮನೆಯಲ್ಲಿ ಶುಭಸಂದೇಶ ಯಾರಿಗೂ ಶುಭವಾಗಿ ಬರಲಿಲ್ಲ. ಅದು ಗೂಟಕ್ಕೆ ತೂಗುಹಾಕಿದ ಬಾರಕೋಲಿನ ಹಾಗೆ ಸದಾ ಕೈಗೆ ಸಿಗುವಂತೆ ಇರುತ್ತಿತ್ತು. ನನ್ನ ಕಷ್ಟ ಏನೆಂದರೆ, ಆ ಕಥೆಗಳು ನನಗೆ ಇಷ್ಟವಾಗುತ್ತಿದ್ದವು. ಮುಳುಗುವ ದೋಣಿಯಲ್ಲಿ ಸ್ವಾಮಿ ತಲೆಗೆ ದಿಂಬಿಟ್ಟು ನಿದ್ದೆ ಮಾಡಿದ್ದು, ಸತ್ತ ಹುಡುಗಿ ಎದ್ದ ಕೂಡಲೇ ಅವಳಿಗೆ ಮೊದಲು ಉಣ್ಣಲು ಕೊಡಿ ಎಂದದ್ದು. ಅಪ್ಪನ ಬಾಯಿಯಿಂದ ಬಂದ ಆ ಸ್ವಾಮಿ ಅಪ್ಪನ ಹಾಗೆ ಇರಲಿಲ್ಲ ಎಂಬುದು ಆ ವಯಸ್ಸಿಗೇ ನನಗೆ ಗೊತ್ತಾಗಿತ್ತು.

ಪಾದ್ರಿಗಳು ಅಪರೂಪಕ್ಕೆ ಬರುತ್ತಿದ್ದುದರಿಂದ, ಸಾಯುವ ಸ್ಥಿತಿಯಲ್ಲಿರುವ ಕೂಸಿಗೆ ಜ್ಞಾನಸ್ನಾನ ಕೊಡುವುದು ಹೇಗೆಂದು ಅಪ್ಪ ದೊಡ್ಡವರಿಗೆಲ್ಲ ಕಲಿಸಿದ್ದ. ಯಾರು ಬೇಕಾದರೂ ಕೊಡಬಹುದು. ಗಂಡಸು, ಹೆಂಗಸು ಎಂಬ ಭೇದವಿಲ್ಲ. ನೀರು ತಲೆಯ ಮೇಲೆ ಹರಿಯಬೇಕು, ಬರೀ ಒರೆಸಿದರೆ ನಡೆಯುವುದಿಲ್ಲ. ಹರಿಯುತ್ತಿರುವಾಗಲೇ ಮಾತು ಹೇಳಬೇಕು, ಪಿತ, ಸುತ, ಪವಿತ್ರಾತ್ಮ ಮೂರು ಹೆಸರೂ ಕ್ರಮ ತಪ್ಪದೆ ಬರಬೇಕು. ಹೆಂಗಸರು ತಡವರಿಸಿದಾಗ ಅಪ್ಪ ನನ್ನನ್ನು ಎಬ್ಬಿಸಿ ನಿಲ್ಲಿಸಿ ಹೇಳಿಸುತ್ತಿದ್ದ. ಎಂಟು ವರ್ಷದ ನಾನು ಒಂದು ಅಕ್ಷರ ತಪ್ಪದೆ ಹೇಳಿದಾಗ ಅವನ ಮುಖ ಅರಳುತ್ತಿತ್ತು. ಅದನ್ನು ಇನ್ನೊಮ್ಮೆ ನೋಡಬೇಕೆಂದೋ ಏನೋ, ಒಂದು ದಿನ ಹಿತ್ತಲಲ್ಲಿ ಆಡಿನ ಮರಿಯ ತಲೆಗೆ ತಂಬಿಗೆ ನೀರು ಸುರಿದು ಅದೇ ಮಾತು ಹೇಳಿದೆ. ಅಪ್ಪ ಅಂದು ಖಣಿಯಿಂದ ಬೇಗ ಬಂದು ಹಿಂದೆ ನಿಂತಿದ್ದು ನನಗೆ ತಿಳಿದಿರಲಿಲ್ಲ.

"ಏನ್ ಮಾಡ್ಲಿಕತ್ತೀದಿ?"

"ಆಟ ಆಡ್ಲಿಕತ್ತೀನಿ ಅಪ್ಪಾ."

"ದೇವರ ಮಾತು ಆಟಕ್ಕ ಅದ ಏನು? ಪಾದ್ರಿಗಳು ಆಡೋ ಮಾತು, ನೀ ಆಡಿಗಿ ಹೇಳ್ತಿ?"

ಹೊಡೆಯಲಿಲ್ಲ. ಕಲ್ಲು ಕಡಿದ ಚೂರುಗಳನ್ನು ಬೊಗಸೆಯಲ್ಲಿ ತಂದು ಫರಸಿಯ ಮೇಲೆ ಹರವಿ, ಅದರ ಮೇಲೆ ಮೊಣಕಾಲೂರಿಸಿದ. ನಡು ಮಧ್ಯಾಹ್ನದಿಂದ ದೀಪ ಹಚ್ಚುವವರೆಗೆ. ಮಧ್ಯೆ ಅವ್ವ ಎರಡು ಸಲ ಬಂದು, ಬಾಗಿಲಲ್ಲಿ ನಿಂತು ಹೋದಳು. ಆ ಸಂಜೆ ಮೊಣಕಾಲಿನ ಚರ್ಮದಿಂದ ಚೂರುಗಳನ್ನು ಆರಿಸಿ ತೆಗೆದು ಅರಿಶಿನ, ಎಣ್ಣೆ ಹಚ್ಚಿದಳು. ಬಲಮೊಣಕಾಲಿನಲ್ಲಿ ಒಂದು ಚೂರು ಒಳಗೇ ಉಳಿಯಿತು. ಈಗಲೂ ಒತ್ತಿದರೆ ಸಿಗುತ್ತದೆ.

ಮರು ವರ್ಷ ಅವ್ವ ಗಂಡು ಹೆತ್ತಳು. ನನ್ನ ನಂತರ ಎರಡು ಬಸಿರು ನಿಲ್ಲದೆ ಹೋಗಿದ್ದವು, ಇದು ನಿಂತಿತು. ಹೆರಿಗೆ ಮಾಡಿಸಿದವಳು ಪಕ್ಕದ ಹೊಲದ ಶಿವಗಂಗವ್ವ. ಲಿಂಗಾಯತರ ಮುದುಕಿ, ಕೊರಳಲ್ಲಿ ಲಿಂಗವಿಟ್ಟ ಬೆಳ್ಳಿಯ ಕರಡಿಗೆ, ಬಾಯಲ್ಲಿ ಸದಾ ಎಲೆಯಡಿಕೆ. ನಾನು ಅವಳನ್ನು ಆಯಿ ಎನ್ನುತ್ತಿದ್ದೆ. ಕೂಸು ಅಂಗೈಯಷ್ಟಿತ್ತು, ಅಳುವಿಗೆ ಸದ್ದೇ ಇರಲಿಲ್ಲ. ಶಿವಗಂಗವ್ವ ಅದನ್ನು ಹಳೆಯ ಸೀರೆಯಲ್ಲಿ ಸುತ್ತಿ ಅವ್ವನ ಮಗ್ಗುಲಿಗೆ ಮಲಗಿಸಿ ನೇರವಾಗಿ ಹೇಳಿದಳು:

"ಮರಿಯವ್ವ, ಕೂಸು ಭಾಳ ಅಶಕ್ತ ಅದ. ನಿಮ್ಮಾಗ ಏನ್ ಮಾಡೋದಿರ್ತದೋ ಅದನ್ನ ಜಲ್ದಿ ಮಾಡ್ರಿ. ನಮ್ಮಾಗ ಆದ್ರ ಹುಟ್ಟಿದ ಕೂಸಿಗಿ ಲಿಂಗಾ ಕಟ್ಟೇಬಿಡ್ತೇವು. ನಾಳಿ ನಾಡ್ದು ಅನ್ನಂಗಿಲ್ಲ."

ಅವ್ವ ಅಂದೇ ಅಪ್ಪನನ್ನು ಕೇಳಿದಳು. ಹಾಸಿಗೆಯಿಂದ ಏಳಲಾರದವಳು ಗೋಡೆ ಹಿಡಿದು ಎದ್ದು ಕೂತು ಕೇಳಿದಳು.

"ನೀವ ಇವತ್ತ ಒಂದೀಟು ನೀರು ಹಾಕಿಬಿಡ್ರಿ. ಆಮ್ಯಾಲ ಪಾದ್ರಿಗಳು ಬಂದಾಗ ಉಳದದ್ದು ಮಾಡ್ಲಿ."

"ಭಾನುವಾರ ಪಾದ್ರಿಗಳು ಬರ್ಲಿಕತ್ಯಾರ. ಅವರಿಗಿ ಕಾಗದ ಬರದೀನಿ. ಉಪದೇಶಿ ಮಗಂದು, ಮಂದಿ ಮುಂದ, ಮೇಣಬತ್ತಿ ಹಚ್ಚಿ, ಬರೋಬ್ಬರಿ ಆಗ್ಬೇಕು. ಸಾಯೋ ಕೂಸಿಗಿ ಹಾಕ್ದಂಗ ಮೂಲ್ಯಾಗ ಹಾಕ್ಲೇನು?"

"ಅಲ್ಲಿತನಕ ಏನರ ಆದ್ರ?"

"ಹಾಲು ಕುಡಿಲಿಕತ್ಯಾದಲ್ಲ? ಮತ್ತೇನು? ನಿನಗ ನಂಬಿಗಿ ಸಾಲ್ದು."

ಭಾನುವಾರ ಪಾದ್ರಿಗಳು ಬರಲಿಲ್ಲ. ಜ್ವರ ಬಂದು ಮಲಗಿದ್ದಾರೆ, ಮುಂದಿನ ವಾರ ಬರುತ್ತಾರೆ ಎಂದು ವಾಡಿಯಿಂದ ಬಂದ ಒಬ್ಬ ರೈಲಿನ ಕೆಲಸಗಾರ ಹೇಳಿಹೋದ. ಅವ್ವ ಮತ್ತೆ ಕೇಳಿದಳು. ಅಪ್ಪ ಆ ದಿನ ಬಿರುಗಾಳಿಗೆ ಹೆದರಿದ ಶಿಷ್ಯರ ಕಥೆ ಓದಿದ, ಓದುವಾಗ ಅವ್ವನ ಕಡೆ ನೋಡಿ ಓದಿದ. ಆಮೇಲೆ ಅವಳು ಕೇಳಲಿಲ್ಲ. ಅವಳೇ ಯಾಕೆ ನೀರು ಹಾಕಲಿಲ್ಲ ಎಂದು ನಾನು ಎಷ್ಟೋ ವರ್ಷ ಯೋಚಿಸಿದ್ದೇನೆ. ಅಪ್ಪನ ಪ್ರಶ್ನೆಗೆ ಉತ್ತರ ಬಾರದೆ ಊಟದ ಮುಂದೆ ಸೆರಗು ಬಾಯಿಗಿಟ್ಟುಕೊಂಡವಳಿಗೆ, ತನ್ನ ಬಾಯಿಯಿಂದ ಬಂದ ಮಾತನ್ನು ದೇವರು ಒಪ್ಪುತ್ತಾನೆ ಎಂಬ ಧೈರ್ಯ ಎಲ್ಲಿಂದ ಬರಬೇಕು?

ಒಂಬತ್ತನೆಯ ದಿನ ಮಂಗಳವಾರ. ಅಪ್ಪ ಖಣಿಯಲ್ಲಿದ್ದ. ಶಿವಗಂಗವ್ವ ಬಿತ್ತನೆಗೆಂದು ಹೊಲಕ್ಕೆ ಹೋಗಿದ್ದಳು. ಅವ್ವ ಹಿತ್ತಲ ಬಚ್ಚಲಲ್ಲಿ ನೀರು ಹಾಕಿಕೊಳ್ಳುತ್ತಿದ್ದಳು. ಕೂಸನ್ನು ನೋಡಿಕೋ ಎಂದು ನನ್ನನ್ನು ಕೂರಿಸಿದ್ದಳು. ನಾನು ನೋಡುತ್ತಿದ್ದ ಹಾಗೆಯೇ ಅದರ ತುಟಿ ಕಪ್ಪಿಟ್ಟಿತು. ಬಾಯಿ ತೆರೆದು ಗಾಳಿಗೆ ತಡಕಾಡಿತು, ಒಂದು ಸಲ, ಸ್ವಲ್ಪ ತಡೆದು ಇನ್ನೊಂದು ಸಲ. ಅವ್ವಾ ಎಂದು ಕೂಗಿದೆ, ನೀರಿನ ಸದ್ದಿನಲ್ಲಿ ಅವಳಿಗೆ ಕೇಳಿಸಲಿಲ್ಲ. ಪಕ್ಕದಲ್ಲಿ ಕುಡಿಯುವ ನೀರಿನ ತಂಬಿಗೆ ಇತ್ತು. ಕೂಸಿನ ತಲೆಯನ್ನು ಎಡಗೈಯಲ್ಲಿ ಹಿಡಿದು, ನೀರು ಹಣೆಯಿಂದ ಹಿಂದಕ್ಕೆ ಹರಿಯುವಂತೆ ಹಾಕಿದೆ. ಹರಿಯುತ್ತಿದ್ದಾಗಲೇ ಮಾತು ಹೇಳಿದೆ. ಮೊದಲು ಹೆಸರು ಹಿಡಿದು ಕರೆಯಬೇಕು, ಅದಕ್ಕೆ ಇನ್ನೂ ಹೆಸರಿಟ್ಟಿರಲಿಲ್ಲ. "ತಮ್ಮಾ" ಎಂದೆ. ಮೂರು ಹೆಸರನ್ನೂ ತಪ್ಪದೆ ಹೇಳಿದೆ. ಆಮೇಲೆ ಮತ್ತೆ ಜೋರಾಗಿ ಅವ್ವನನ್ನು ಕೂಗಿದೆ. ಅವ್ವ ಒದ್ದೆ ಸೀರೆಯಲ್ಲಿ ಓಡಿಬಂದು ಕೂಸನ್ನು ಕಿತ್ತುಕೊಂಡು ಎದೆಗೆ ಒತ್ತಿಕೊಂಡಾಗ ಅದು ಇನ್ನೂ ಉಸಿರಾಡುತ್ತಿತ್ತು. ಆಮೇಲೆ ನಿಲ್ಲಿಸಿತು.

ಅಪ್ಪನಿಗೆ ಹೇಳಿಕಳಿಸಿದರು. ಮೈಯೆಲ್ಲ ಕಲ್ಲಿನ ಧೂಳು ಮೆತ್ತಿಕೊಂಡು ಬೆಳ್ಳಗೆ ಬಂದು ಬಾಗಿಲಲ್ಲಿ ನಿಂತ. ಕೂಸನ್ನು ನೋಡಿದ. ಅವನು ಮೊದಲು ಕೇಳಿದ್ದು ಒಂದೇ ಮಾತು.

"ಯಾರರ ನೀರು ಹಾಕೀರೇನು?"

ಅವ್ವ ಇಲ್ಲವೆಂದು ತಲೆ ಅಲ್ಲಾಡಿಸಿದಳು. ಅಪ್ಪ ಬಗ್ಗಿ ಕೂಸಿನ ತಲೆ ಮುಟ್ಟಿದ.

"ತಲಿ ಯಾಕ ಹಸಿ ಅದ?"

ಅವನು ನನ್ನ ಕಡೆ ತಿರುಗಿದ.

"ಅನ್ನವ್ವ, ಏನ್ ಮಾಡ್ದಿ?"

"ಮಾರಿ ಒರಸಿದೆ ಅಪ್ಪಾ."

"ಮಾತು ಏನರ ಅಂದಿ?"

ಅವನ ದನಿಯಲ್ಲಿ ಸಿಟ್ಟಿತ್ತೋ ಆಸೆಯಿತ್ತೋ ನನಗೆ ಈಗ ಹೇಳಲು ಬಾರದು. ಹೂಂ ಎನ್ನಲಿ ಎಂದೇ ಅವನು ಕೇಳಿದ್ದಿರಬಹುದು. ಆದರೆ ಅಂದು ನನಗೆ ಕೇಳಿಸಿದ್ದು ಆಡಿನ ಮರಿಯ ಹಿಂದೆ ನಿಂತು ಕೇಳಿದ ಅದೇ ದನಿ. ಕೈ ತಾನಾಗಿ ಬಲಮೊಣಕಾಲಿನ ಚೂರಿನ ಮೇಲೆ ಹೋಯಿತು.

"ಇಲ್ಲ" ಎಂದೆ.

ನಮ್ಮವರ ಮಣ್ಣಿನ ಜಾಗಕ್ಕೆ ಸುತ್ತಲೂ ಕಲ್ಲಿನ ಗೋಡೆಯಿತ್ತು. ಜ್ಞಾನಸ್ನಾನವಿಲ್ಲದ ಕೂಸಿಗೆ ಆ ಗೋಡೆಯೊಳಗೆ ಜಾಗವಿಲ್ಲ. ಅಂಥ ಕೂಸು ಸ್ವರ್ಗಕ್ಕೂ ಹೋಗುವುದಿಲ್ಲ, ನರಕಕ್ಕೂ ಹೋಗುವುದಿಲ್ಲ, ದೇವರ ಮುಖ ಕಾಣದ ಬೇರೊಂದು ಕಡೆ ಇರುತ್ತದೆ ಎಂದು ಅಪ್ಪನೇ ನಮಗೆ ಕಲಿಸಿದ್ದ. ಬೇರೆಯವರ ಕೂಸಾಗಿದ್ದರೆ ನಿಯಮ ಹೇಳಿ ಸುಮ್ಮನಾಗುತ್ತಿದ್ದನೇನೋ. ತನ್ನದಾದ್ದರಿಂದ ಕೂದಲೆಳೆಯಷ್ಟೂ ಸಡಿಲ ಬಿಡಲಿಲ್ಲ. ಅವ್ವ ಅವನ ಕಾಲು ಹಿಡಿದಳು. ಹೊಸಲಿನ ಮೇಲೆ ಬಿದ್ದು ಕೂಗಿದಳು. ಗುಡಿಯಲ್ಲಿ ಸೇರಿದ್ದ ಹೆಂಗಸರು ಆಗ ನೆಲ ನೋಡಿದರು. ಕೊನೆಗೆ ಶಿವಗಂಗವ್ವ ಹೊಲದಿಂದ ಬಂದು ವಿಷಯ ಕೇಳಿ ನಡುಮನೆಯಲ್ಲಿ ನಿಂತಳು.

"ಉಪದೇಶಿಯವರ್ರ, ನಿಮ್ಮ ಗ್ವಾಡಿ ಒಳಗ ಜಾಗಾ ಇಲ್ಲ ಅಂದ್ರ ನನ್ನ ಹೊಲದಾಗ ಅದ. ಬದುವಿನ ಬಾಜೂಕ ಬೇವಿನ ಗಿಡ ಅದ ನೋಡ್ರಿ, ಅದರ ಬುಡಕ್ಕ ಇಡ್ರಿ. ನಾ ಇರೋತನಕ ಅಲ್ಲಿ ಕುಂಟಿ ಹೊಡಸಂಗಿಲ್ಲ."

ಅಪ್ಪ ತಾನೇ ಗುಂಡಿ ತೋಡಿದ. ಅಂಥ ಕೂಸಿಗೆ ಜಪ ಹೇಳುವ ಪದ್ಧತಿಯಿಲ್ಲವೆಂದು ಬಾಯಿ ಬಿಡಲಿಲ್ಲ. ಮಣ್ಣು ಮುಚ್ಚಿದ ಮೇಲೆ ಶಿವಗಂಗವ್ವ ತನ್ನ ಹಣೆಯ ವಿಭೂತಿಯನ್ನೇ ಬೆರಳಿಗೆ ಒತ್ತಿಕೊಂಡು ಮೇಲಿಟ್ಟ ಕಲ್ಲಿಗೆ ಹಚ್ಚಿ, ತನ್ನ ದೇವರ ಹೆಸರು ಹೇಳಿದಳು. ಅಪ್ಪ ಮುಖ ತಿರುಗಿಸಿದ. ನನ್ನ ತಮ್ಮನ ಮಣ್ಣಿನ ಮೇಲೆ ದೇವರ ಹೆಸರು ತೆಗೆದುಕೊಂಡವಳು ಅವಳೊಬ್ಬಳೇ.

ಆ ದಿನದಿಂದ ಅವ್ವ ಜಪಕ್ಕೆ ಕೂಡಲಿಲ್ಲ. ಸಂಜೆ ನಾವಿಬ್ಬರೂ ಮೊಣಕಾಲೂರಿದಾಗ ಅವಳು ಒಲೆಯ ಮುಂದೆ ಬೆನ್ನು ಹಾಕಿ ಕೂತು ಹಿಟ್ಟು ನಾದುತ್ತಿದ್ದಳು. ಅಪ್ಪ ಅರ್ಧ ಮಂತ್ರ ಹೇಳಿ ನಿಲ್ಲಿಸಿದರೆ ಉಳಿದ ಅರ್ಧಕ್ಕೆ ನನ್ನ ದನಿ ಮಾತ್ರ. ಭಾನುವಾರ ಗುಡಿಯ ಬಾಗಿಲು ಮುಚ್ಚಿಕೊಂಡು ಒಳಗಿರುತ್ತಿದ್ದಳು. ಅಪ್ಪ ಮೊದಮೊದಲು ಗದರಿದ, ಆಮೇಲೆ ಅವಳಿಗೆ ಮೈಯಲ್ಲಿ ಹುಷಾರಿಲ್ಲ ಎಂದು ಜನರಿಗೆ ಹೇಳತೊಡಗಿದ. ಊಟದ ಹೊತ್ತಿನ ಪ್ರಶ್ನೆಗಳು ನಿಲ್ಲಲಿಲ್ಲ. ನಾನು ಉತ್ತರ ಹೇಳುತ್ತಿದ್ದೆ, ಎರಡನೆಯ ರೊಟ್ಟಿ ತಿನ್ನುತ್ತಿದ್ದೆ. ಅವ್ವ ತಟ್ಟೆಗೆ ರೊಟ್ಟಿ ಹಾಕುವಾಗ ಅವಳ ಕೈ ನೋಡಲು ನನಗೆ ಧೈರ್ಯವಾಗುತ್ತಿರಲಿಲ್ಲ.

ಮರು ವರ್ಷ ನನ್ನ ಮೊದಲ ಪಾಪನಿವೇದನೆ. ಪಾದ್ರಿಗಳು ಬೇರೆ ದೇಶದವರು, ಪುಸ್ತಕದಲ್ಲಿ ಕಲಿತ ಕನ್ನಡ. ಕುರ್ಚಿಯಲ್ಲಿ ಕೂತು, ನಡುವೆ ಒಂದು ಬಟ್ಟೆ ಇಳಿಬಿಟ್ಟು ಕಿವಿಗೊಟ್ಟರು. ಸುಳ್ಳು ಹೇಳಿದ್ದೇನೆ ಎಂದೆ. ಯಾವ ಸುಳ್ಳು ಎಂದು ಕೇಳಿದರು. ಎಲ್ಲ ಹೇಳಿದೆ. ಅವರು ಹೇಗೆ ನೀರು ಹಾಕಿದೆ, ಏನು ಹೇಳಿದೆ ಎಂದು ಒಂದೊಂದಾಗಿ ಕೇಳಿ ತಿಳಿದುಕೊಂಡರು.

"ಮಗಳೇ, ಆ ಶಿಶು ದೇವರ ಬಳಿ ಇದೆ. ಇದರಲ್ಲಿ ಸಂದೇಹವಿಲ್ಲ. ನೀನು ನಿನ್ನ ತಂದೆಗೆ ಹೇಳು. ನಾನು ಹೇಳಲಾರೆ, ನೀನು ಇಲ್ಲಿ ಹೇಳಿದ್ದು ನನ್ನಿಂದ ಹೊರಗೆ ಹೋಗಲಾರದು. ನೀನೇ ಹೇಳಬೇಕು."

ಮರುದಿನ ಖಣಿಗೆ ಅಪ್ಪನ ಬುತ್ತಿ ಒಯ್ದಾಗ ಹೇಳಿದೆ. ಕಡಿದು ನಿಲ್ಲಿಸಿದ ಫರಸಿಗಳ ನೆರಳಲ್ಲಿ ಅವನು ಒಬ್ಬನೇ ಕೂತಿದ್ದ. ನಾನು ಹೇಳುವಾಗ ತುತ್ತು ಬಾಯಿಗೆ ಹೋಗುವುದು ನಿಂತಿತು. ಹೊಡೆಯುತ್ತಾನೆ ಎಂದುಕೊಂಡೆ. ಹೊಡೆಯಲಿಲ್ಲ. ಆ ದಿನ ಹೇಳಿದ ಮಾತನ್ನು ಇನ್ನೊಮ್ಮೆ ಹೇಳು ಎಂದ. ಹೇಳಿದೆ. ಕಣ್ಣು ಮುಚ್ಚಿ ಕೇಳಿದ. ಒಂದು ಅಕ್ಷರವೂ ತಪ್ಪಿರಲಿಲ್ಲ. ಕಣ್ಣು ತೆರೆದಾಗ ಅವು ತೇವವಾಗಿದ್ದವು, ಅದನ್ನು ನಾನು ನೋಡಿದೆ. ಅಂದು ಅವನು ಎದ್ದು ನನ್ನ ಕೈ ಹಿಡಿದು ನೇರ ಅವ್ವನ ಹತ್ತಿರ ಹೋಗಿದ್ದರೆ, ಅವನ ಎಲ್ಲ ತಪ್ಪನ್ನೂ ನಾನು ಮರೆತುಬಿಡುತ್ತಿದ್ದೆ. ಅವನು ಕೈ ತೊಳೆದುಕೊಂಡ. ಬುತ್ತಿಯ ಬಟ್ಟೆಯನ್ನು ಮಡಿಸಿ ಕೊಟ್ಟ.

"ನಿಮ್ಮವ್ವಗ ಹೇಳ್ಬ್ಯಾಡ."

"ಯಾಕಪ್ಪಾ? ಪಾದ್ರಿಗಳು..."

"ನಿಮ್ಮವ್ವಗ ಗೊತ್ತಾದ್ರ ಊರಿಗೆಲ್ಲಾ ಗೊತ್ತಾಗ್ತದ. ಉಪದೇಶಿ ತನ್ನ ಕೂಸಿಗಿ ತಾನ ಹೊರಗ ಹಾಕ್ದ ಅಂತಾರ ಮಂದಿ. ನಾಳಿ ನಾ ನಿಂತು ಓದಿದ್ರ ಯಾರು ಕೇಳ್ತಾರ? ದೇವರಿಗಿ ಗೊತ್ತದ, ಅಷ್ಟ ಸಾಕು."

ದೇವರಿಗೆ ಗೊತ್ತಿತ್ತು, ಅಪ್ಪನಿಗೆ ಗೊತ್ತಿತ್ತು, ನನಗೆ ಗೊತ್ತಿತ್ತು. ಹೆತ್ತವಳಿಗೆ ಮಾತ್ರ ಗೊತ್ತಿರಲಿಲ್ಲ. ಹೀಗೆ ಐದು ವರ್ಷ ಕಳೆದೆವು. ನಾನು ಹೇಳಬಹುದಿತ್ತು. ಶಿಲುಬೆಯ ಕಥೆ ಓದುವ ಪ್ರತಿ ತಪಸ್ಸು ಕಾಲದ ಕೊನೆಗೆ, ಅಂಗಳದ ಬೆಂಕಿಯ ಹತ್ತಿರ ಶಿಷ್ಯ ಪೇತ್ರ ತನಗೆ ಸ್ವಾಮಿಯ ಗುರುತೇ ಇಲ್ಲವೆಂದ ಭಾಗ ಬಂದಾಗ ನಾನು ಗುಡಿಯಲ್ಲಿ ತಲೆ ಎತ್ತುತ್ತಿರಲಿಲ್ಲ. ಪೇತ್ರ ಹೊರಗೆ ಹೋಗಿ ಅತ್ತನಂತೆ. ನಾನು ಅಳಲೂ ಇಲ್ಲ. ಒಮ್ಮೆ ಅಪ್ಪನ ಭಯಕ್ಕೆ ಸುಳ್ಳು ಹೇಳಿದ್ದೆ, ಆಮೇಲೆ ಅಪ್ಪನ ಮಾತಿಗೆ ಬಾಯಿ ಮುಚ್ಚಿದೆ. ಮುಂದೆ ಬದುಕಿನಲ್ಲಿ ಎಷ್ಟೋ ಕಡೆ ಮಾತಾಡಬೇಕಾದಾಗ ನನ್ನ ನಾಲಗೆ ಒಣಗಿದೆ. ಅದು ಎಲ್ಲಿ ಕಲಿತದ್ದೆಂದು ನನಗೆ ಚೆನ್ನಾಗಿ ಗೊತ್ತಿದೆ.

ಆ ಐದು ವರ್ಷದಲ್ಲಿ ಅಪ್ಪನ ಕಣ್ಣು ಹೋಯಿತು. ಮೊದಲು ಎಡಗಣ್ಣಿಗೆ ಉಳಿಯಿಂದ ಸಿಡಿದ ಚೂರು ಹೊಕ್ಕಿತು, ಆಮೇಲೆ ಬಲಗಣ್ಣೂ ಮಂಜಾಗುತ್ತ ಹೋಗಿ ನೆರಳು ಬೆಳಕಷ್ಟೇ ಕಾಣುವಂತಾಯಿತು. ಖಣಿಯ ಕೆಲಸ ಬಿಟ್ಟ. ಅವ್ವ ಕಲ್ಲು ಹೊರಲು ಹೋಗತೊಡಗಿದಳು. ಉಪದೇಶಿತನ ಮಾತ್ರ ಅವನು ಬಿಡಲಿಲ್ಲ. ಭಾನುವಾರ ನಾನು ಓದಬೇಕು, ಅವನು ಅರ್ಥ ಹೇಳಬೇಕು. ಪುಸ್ತಕವೆಲ್ಲ ಅವನಿಗೆ ಬಾಯಿಪಾಠವಿತ್ತು, ನಾನು ಒಂದು ಪದ ಜಾರಿದರೂ ಅಲ್ಲೇ ತಿದ್ದುತ್ತಿದ್ದ.

ರಜಾಕಾರರ ಗದ್ದಲ ಜೋರಾದ ವರ್ಷ ಅನೇಕರು ಊರು ಬಿಟ್ಟು ಸೊಲ್ಲಾಪುರದ ಕಡೆ ಹೋಗತೊಡಗಿದರು. ಶಿವಗಂಗವ್ವನ ಮಕ್ಕಳೂ ಗಾಡಿ ಕಟ್ಟಿದರು. ಹೊರಡುವ ಮುಂಜಾನೆ ಅವಳು ನಮ್ಮ ಹಿತ್ತಲಿಗೆ ಬಂದು ಅವ್ವನ ಕೈ ಹಿಡಿದುಕೊಂಡಳು.

"ತಂಗಿ, ನಾ ತಿರುಗಿ ಬರ್ತೀನೋ ಇಲ್ಲೋ. ಹೊಲ ಯಾರ ಪಾಲಾಗ್ತದೋ ಗೊತ್ತಿಲ್ಲ. ಕೂಸಿನ ಜಾಗಾ ಜರಾ ನೋಡ್ಕೊ. ಯಾರರ ನೇಗಿಲು ಹೊಡಿಲಿಕ್ಕಿ ಬಂದ್ರ ಅಡ್ಡ ನಿಂದ್ರು."

ಗಾಡಿ ಹೋದ ಮೇಲೆ ಅವ್ವ ಬೀಸುವ ಕಲ್ಲಿನ ಮುಂದೆ ಕೂತಳು. ಜೋಳ ಹಾಕಲಿಲ್ಲ, ಸುಮ್ಮನೆ ಗೂಟ ಹಿಡಿದು ಕೂತಳು. ಆಮೇಲೆ ನನಗೆ ಹೇಳಿದಳೋ ಕಲ್ಲಿಗೆ ಹೇಳಿದಳೋ, ಮೆಲ್ಲಗೆ ಅಂದಳು.

"ಮ್ಯಾಲೂ ಜಾಗಾ ಇಲ್ಲ ಅದಕ್ಕ, ಕೆಳಗೂ ಇಲ್ಲ."

ಅಷ್ಟು ವರ್ಷ ಹಿಡಿದಿಟ್ಟದ್ದು ಅಲ್ಲಿ ಕಳಚಿತು. ನಾನು ಅವಳ ಮುಂದೆ ಕೂತು ಎಲ್ಲ ಹೇಳಿದೆ. ತಂಬಿಗೆ, ನೀರು, ಮೂರು ಹೆಸರು, ಪಾದ್ರಿಗಳ ಮಾತು. ಅವಳು ನನ್ನ ಬಾಯನ್ನೇ ನೋಡುತ್ತಿದ್ದಳು. ಮುಗಿದ ಮೇಲೆ ಅವಳು ಕೇಳಿದ್ದು:

"ಏನ್ ಹೆಸರಿಟ್ಟಿ?"

"ಹೆಸರು ಹೊಳೀಲಿಲ್ಲ ಅವ್ವಾ. ತಮ್ಮಾ ಅಂದೆ."

"ತಮ್ಮ" ಎಂದಳು. ಇನ್ನೊಮ್ಮೆ ಅಂದಳು, ರುಚಿ ನೋಡುವವಳ ಹಾಗೆ. ಆಮೇಲೆ ಅವಳ ಮುಖ ಬದಲಾಯಿತು.

"ನಿಮ್ಮಪ್ಪಗ ಗೊತ್ತದೇನು?"

"ಗೊತ್ತದ."

"ಯಾವಾಗಿಂದ?"

"ಐದು ವರ್ಷ ಆಯ್ತು."

ಅವಳು ನನ್ನ ಕೆನ್ನೆಗೆ ಹೊಡೆದಳು. ಜೀವಮಾನದಲ್ಲಿ ಅವಳು ನನ್ನನ್ನು ಹೊಡೆದದ್ದು ಅದೊಂದೇ ಸಲ. ಆಮೇಲೆ ಅದೇ ಕೈಯಿಂದ ನನ್ನ ತಲೆಯನ್ನು ತನ್ನ ತೊಡೆಗೆ ಒತ್ತಿಕೊಂಡು, ದನಿಯಿಲ್ಲದೆ ಅತ್ತಳು. ಅಪ್ಪನಿಗೆ ಏನೂ ಹೇಳಲಿಲ್ಲ.

ಆ ಭಾನುವಾರ ಅವಳು ಗುಡಿಗೆ ಬಂದಳು. ಆರು ವರ್ಷದ ಮೇಲೆ ತಲೆ ತುಂಬ ಸೆರಗು ಹೊದ್ದು, ಹೆಂಗಸರ ಸಾಲಿನ ಎಲ್ಲರ ಮುಂದೆ ಕೂತಳು. ಊರಿನ ಹೆದರಿಕೆಗೆ ಗುಡಿ ತುಂಬಿತ್ತು. ಅಪ್ಪನಿಗೆ ಅವಳು ಬಂದದ್ದು ಕಾಣಲಿಲ್ಲ. ಕಳೆದ ವಾರ ಬಿಟ್ಟಲ್ಲಿಂದ ಓದು ಎಂದ. ನಾನು ಹಾಳೆ ತಿರುವಿ ಬೇರೆ ಕಡೆ ಬಿಚ್ಚಿದೆ. ತಾಯಂದಿರು ಕೂಸುಗಳನ್ನು ಸ್ವಾಮಿಯ ಹತ್ತಿರ ತಂದದ್ದು, ಶಿಷ್ಯರು ಗದರಿಸಿ ತಡೆದದ್ದು, ಸ್ವಾಮಿ ಸಿಟ್ಟಾಗಿ ತಡೆಯಬೇಡಿ, ಬರಲು ಬಿಡಿ ಎಂದದ್ದು. ಮೊದಲ ಸಾಲಿಗೇ ಅಪ್ಪನ ತಲೆ ನೆಟ್ಟಗಾಯಿತು. ನಾನು ಆ ಭಾಗ ಓದಿ ನಿಲ್ಲಿಸಿದೆ.

"ಮುಂದ ಓದು" ಎಂದ.

ನಾನು ಮತ್ತೆ ಅದನ್ನೇ ಮೊದಲಿಂದ ಓದಿದೆ.

"ಮುಂದ ಓದು ಅಂದೆ."

ಆಗ ಅವ್ವ ಎದ್ದು ನಿಂತಳು.

"ಅದರ ಅರ್ಥಾ ಹೇಳ್ರಿ."

ದನಿ ಕೇಳಿ ಅಪ್ಪ ಆ ಕಡೆ ತಿರುಗಿದ. ಎಂಥ ಮಾತಿಗೂ ಅರ್ಥ ಹೇಳುತ್ತಿದ್ದವನಿಗೆ ಆ ದಿನ ಬಾಯಿ ಬರಲಿಲ್ಲ. ಅವ್ವ ಸ್ವಲ್ಪ ಕಾದಳು. ಆಮೇಲೆ ಜನರ ಕಡೆ ತಿರುಗಿ, ದನಿ ಏರಿಸದೆ ಹೇಳಿದಳು.

"ನನ್ನ ಕೂಸಿಗಿ ಜ್ಞಾನಸ್ನಾನ ಆಗಿತ್ತು. ನನ್ನ ಮಗಳು ಕೊಟ್ಟಿದ್ಲು. ಇವರಿಗಿ ಐದು ವರ್ಷದಿಂದ ಗೊತ್ತದ, ನಂಗ ಮೊನ್ನಿ ಗೊತ್ತಾಯ್ತು. ಕೂಸಿನ ಹೆಸರು ತಮ್ಮ. ನಿಮ್ಮ ಜಪದಾಗ ಹೆಸರು ತಗೋರಿ."

ಹೇಳಿ, ಮೊಣಕಾಲೂರಿ, ಶಿಲುಬೆ ಗುರುತು ಹಾಕಿಕೊಂಡು ನಡುವಿನ ಬಾಗಿಲಿನಿಂದ ಒಳಗೆ ಹೋದಳು. ಅಪ್ಪ ಪೀಠದ ಅಂಚು ಹಿಡಿದು ನಿಂತಿದ್ದ. ಪರಲೋಕ ಮಂತ್ರವನ್ನು ಅವನು ಶುರುಮಾಡಲಿ ಎಂದು ಜನ ಕಾದರು. ಅವನು ಶುರುಮಾಡದಿದ್ದಾಗ ನಾನೇ ಶುರುಮಾಡಿದೆ, ಎಲ್ಲರೂ ದನಿಗೂಡಿಸಿದರು. ಮುಗಿಸಿ ಎದ್ದರು. ಇಬ್ಬರು ಹೆಂಗಸರು ಕಣ್ಣೊರೆಸಿಕೊಂಡು, ಕೂಸು ದೇವರ ಹತ್ರ ಅದ ಅಂದ್ರ ಭಾಳ ಛಲೋ ಆಯ್ತವ್ವ ಎಂದು ನನ್ನ ಗದ್ದ ಮುಟ್ಟಿದರು. ಒಬ್ಬ ಮುದುಕ ಮುಂದಿನ ಭಾನುವಾರ ಜಪ ಎಷ್ಟು ಹೊತ್ತಿಗೆ ಎಂದು ಕೇಳಿದ. ಉಳಿದವರು ರಜಾಕಾರರ ವಿಷಯ ಮಾತಾಡುತ್ತ, ಮಕ್ಕಳನ್ನು ಎತ್ತಿಕೊಂಡು ಬೇಗ ಬೇಗ ಮನೆಗೆ ನಡೆದರು. ಉಪದೇಶಿಯವರಿಗೆ ನಮಸ್ಕಾರ ಹೇಳುವುದನ್ನು ಒಬ್ಬರೂ ಬಿಡಲಿಲ್ಲ.

ಗುಡಿ ಖಾಲಿಯಾದ ಮೇಲೆ ಅಪ್ಪ ನೆಲದ ಮೇಲೆ ಕೂತ. ನಾನು ಪುಸ್ತಕಕ್ಕೆ ಬಟ್ಟೆ ಸುತ್ತುತ್ತಿದ್ದೆ. ಅವನು ಕಾಣದ ಕಣ್ಣನ್ನು ನನ್ನ ಕಡೆ ಎತ್ತಿ, ಕುಗ್ಗಿದ ದನಿಯಲ್ಲಿ ಕೇಳಿದ.

"ಅನ್ನವ್ವ, ಮಂದಿ ಏನಂದ್ರು?"

"ಏನೂ ಅನ್ಲಿಲ್ಲಪ್ಪಾ."

ನಿಜವನ್ನೇ ಹೇಳಿದ್ದೆ. ಜನರ ಯಾವ ಮಾತಿಗೆ ಹೆದರಿ ಅವನು ಐದು ವರ್ಷ ಅವ್ವನಿಂದ ಮುಚ್ಚಿಟ್ಟನೋ, ಆ ಮಾತನ್ನು ಒಬ್ಬರೂ ಆಡಿರಲಿಲ್ಲ. ಅದಕ್ಕಿಂತ ಕ್ರೂರವಾದ ಮಾತನ್ನು ನಾನು ಅವನಿಗೆ ಆ ಮೊದಲೂ ಹೇಳಿರಲಿಲ್ಲ, ಆಮೇಲೂ ಹೇಳಲಿಲ್ಲ.